ಉಪ್ಪು ಕಳೆದುಕೊಂಡ ಹೊಳೆ

ಆನಂದಪುರದಲ್ಲಿ ನಮ್ಮ ಅಬ್ಬಾನ ಕಿರಾಣಿ ಅಂಗಡಿಯಿತ್ತು. ರಾತ್ರಿ ಬಾಗಿಲು ಹಾಕುವಾಗ ಅಕ್ಕಿ, ಬೆಲ್ಲ, ಬೇಳೆ, ಸೀಮೆಎಣ್ಣೆ ಡಬ್ಬ ಎಲ್ಲವೂ ಒಳಗೆ ಹೋಗುತ್ತಿದ್ದವು. ಹೊರಗೆ ಜಗಲಿಯ ಮೇಲೆ ಉಳಿಯುತ್ತಿದ್ದದ್ದು ಕಲ್ಲುಪ್ಪಿನ ಚೀಲ ಒಂದೇ. ಯಾರಾದರೂ ಹೊತ್ತೊಯ್ದರೆ ಎಂದು ನಾನು ಕೇಳಿದರೆ ಅಬ್ಬಾ ನಗುತ್ತಿದ್ದರು. "ಉಪ್ಪು ಕದಿಯೋನು ಇನ್ನೂ ಹುಟ್ಟಿಲ್ಲ ಬೇಟಾ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ 'ನಮಕ್ ಹರಾಮ್' ಎಂಬುದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಉರ್ದು ಶಾಲೆ ಮುಗಿಸಿ ಕನ್ನಡ ಶಾಲೆಗೆ ಸೇರಿದ ಮೇಲೆ 'ಉಪ್ಪುಂಡ ಮನೆಗೆ ಎರಡು ಬಗೆಯಬೇಡ' ಎಂಬ ಗಾದೆ ಕಲಿತೆ. ಭಾಷೆ ಬೇರೆಯಾದರೂ ಉಪ್ಪಿನ ಋಣ ಒಂದೇ ಎಂದು ಆಗ ಅನ್ನಿಸಿತ್ತು.

ಈ ಉಪ್ಪು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ದಾದಿಯ ಉತ್ತರ ಒಂದೇ ಮಾತಿನದು: "ಕೆಳಗಿಂದ." ಮಲೆನಾಡಿನ ನಮಗೆ 'ಕೆಳಗೆ' ಎಂದರೆ ಘಟ್ಟದ ಕೆಳಗೆ. ದಾದಿಯ ಅಪ್ಪನ ಕಾಲಕ್ಕೆ ಅದು ಹೇರೆತ್ತುಗಳ ಬೆನ್ನ ಮೇಲೆ ಬರುತ್ತಿತ್ತಂತೆ. ಅಬ್ಬಾನ ಕಾಲಕ್ಕೆ ಲಾರಿ ಬಂದಿತ್ತು. ಆದರೂ ದಾದಿಗೆ ಉಪ್ಪಿನ ಊರು ಹೊನ್ನಾವರವೇ. ಅಲ್ಲಿಗೆ ಹೋಗುವ ದಾರಿ ನಮ್ಮ ಅಂಗಡಿಯ ಮುಂದೆಯೇ ಹಾದುಹೋಗುತ್ತಿತ್ತು. ಶಿವಮೊಗ್ಗ, ಸಾಗರದವರು ದಿನಕ್ಕೆ ಹತ್ತು ಸಲ 'ಬಿ.ಎಚ್. ರಸ್ತೆ' ಎನ್ನುತ್ತಾರೆ. 'ಬಿ' ಎಂದರೆ ಬೆಂಗಳೂರು, 'ಎಚ್' ಎಂದರೆ ಹೊನ್ನಾವರ. ನಮ್ಮ ಊರಿನ ಹುಡುಗರೆಲ್ಲ ಕಾಲಕ್ರಮದಲ್ಲಿ 'ಬಿ'ಯ ಕಡೆಗೇ ಹೋದರು. 'ಎಚ್' ಕಡೆಗೆ ಏನಿದೆ ಎಂದು ನಾನು ಸರಿಯಾಗಿ ನೋಡಿದ್ದು ಮೂವತ್ತು ದಾಟಿದ ಮೇಲೆ.

ಅಲ್ಲಿ ಇರುವುದು ನಮ್ಮದೇ ಹೊಳೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಹೊಸನಗರ, ಸಾಗರ ತಾಲೂಕುಗಳನ್ನು ಹಾದು, ಜೋಗದಲ್ಲಿ 253 ಮೀಟರ್ ಧುಮುಕಿ, ಗೇರುಸೊಪ್ಪೆಯಲ್ಲಿ ಬಯಲಿಗಿಳಿದು ಹೊನ್ನಾವರದ ಬಳಿ ಅರಬಿ ಸಮುದ್ರ ಸೇರುತ್ತದೆ. ಒಟ್ಟು 128 ಕಿಲೋಮೀಟರಿನ ಪ್ರಯಾಣ. ಆದರೆ ಕೊನೆಯ ಭಾಗದಲ್ಲಿ ಅದು ಹೊಳೆಯ ಹಾಗೆ ಕಾಣುವುದಿಲ್ಲ. ಅಗಲವಾಗಿ ಹರಡಿಕೊಂಡು, ಮಾವಿನಕುರ್ವೆಯಂಥ ದ್ವೀಪಗಳನ್ನು ತೋಳಲ್ಲಿಟ್ಟುಕೊಂಡು, ಸಮುದ್ರಕ್ಕೆ ಬಾಗಿಲಿನಷ್ಟು ಜಾಗ ಬಿಟ್ಟು ನಿಂತಿರುತ್ತದೆ. 1801ರಲ್ಲಿ, ಟಿಪ್ಪು ಸುಲ್ತಾನ್ ಮಡಿದ ಎರಡು ವರ್ಷಕ್ಕೆ, ಕಂಪನಿ ಸರಕಾರದ ಪರವಾಗಿ ಈ ನಾಡನ್ನು ಅಳೆಯುತ್ತ ಬಂದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನಿಗೂ ಹಾಗೇ ಕಂಡಿತು. ಇಲ್ಲಿನ ಜನ ಇದನ್ನು ಹೊಳೆ ಎನ್ನುತ್ತಾರೆ, ಆದರೆ ಸರೋವರ ಎನ್ನುವುದೇ ಸರಿ ಎಂಬರ್ಥದಲ್ಲಿ ಅವನು ಬರೆದ. ಅದು ಘಟ್ಟದ ಬುಡದವರೆಗೆ ಚಾಚಿದೆ, ಬೇಸಿಗೆಯಲ್ಲಿ ಪೂರಾ ಉಪ್ಪು, ಮಳೆಗಾಲದಲ್ಲಿ ಹಳ್ಳಕೊಳ್ಳಗಳು ಉಕ್ಕಿ ಬಂದು ಇಡೀ ಸರೋವರವನ್ನು ಸಿಹಿ ಮಾಡುತ್ತವೆ ಎಂದೂ ಸೇರಿಸಿದ.

ಬುಕನನ್ನನ ಈ ಮಾತನ್ನು ನೆನಪಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಉಪ್ಪು, ಮಳೆಗಾಲದಲ್ಲಿ ಸಿಹಿ. ಈ ಲೇಖನ ಇರುವುದೇ ಆ ಉಪ್ಪಿನ ಬಗ್ಗೆ. ಈಗ ಅದು ಅಲ್ಲಿ ಇಲ್ಲ.

ಅವನಿಗಿಂತ ನಾಲ್ಕೂವರೆ ಶತಮಾನ ಹಿಂದೆ ಇದೇ ನೀರಿಗೆ ಇನ್ನೊಬ್ಬ ಬಂದಿದ್ದ. ಮೊರೊಕ್ಕೊದ ಇಬ್ನ್ ಬತೂತ. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ 1342ರಲ್ಲಿ ಚೀನಾಕ್ಕೆ ಹೊರಟವನು ದಾರಿಯಲ್ಲಿ 'ಹಿನೌರ್'ನಲ್ಲಿ ಇಳಿದ. ಅವನು ಇದನ್ನು ಹೊಳೆ ಎನ್ನಲಿಲ್ಲ, ಸರೋವರ ಎನ್ನಲೂ ಇಲ್ಲ. 'ಖೌರ್' ಎಂದ. ನೆಲದೊಳಕ್ಕೆ ನುಗ್ಗಿದ ಸಮುದ್ರದ ತೋಳಿಗೆ ಅರಬಿಯಲ್ಲಿ ಹಾಗೆನ್ನುತ್ತಾರೆ. ದೊಡ್ಡ ಹಡಗುಗಳು ಒಳಗೆ ಬರುವಂಥ ಖೌರ್, ಅದರ ದಂಡೆಯಲ್ಲಿ ಊರು, ಊರಿಗೆ ಜಮಾಲುದ್ದೀನ್ ಎಂಬ ಸುಲ್ತಾನ. ಈ ಸುಲ್ತಾನ ಸ್ವತಂತ್ರನಲ್ಲ, 'ಹರ್ಯಬ್' ಎಂಬ ಹಿಂದೂ ಅರಸನಿಗೆ ಅಧೀನ ಎನ್ನುತ್ತಾನೆ ಬತೂತ. ಈ ಹರ್ಯಬ್ ಎಂದರೆ ವಿಜಯನಗರದ ಹರಿಹರ ಎಂದು ಇತಿಹಾಸಕಾರರು ಗುರುತಿಸಿದ್ದಾರೆ.

ಬತೂತನ ಹಿನೌರ್ ವರ್ಣನೆಯನ್ನು ನಾನು ಮೊದಲು ಓದಿದ್ದು ಉರ್ದುವಿನಲ್ಲಿ. ಓದಿ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವು. ಹೀಗೆ ಬೇರೆಲ್ಲೂ ತಾನು ಕಂಡಿಲ್ಲ ಎನ್ನುತ್ತಾನೆ. ಹೆಂಗಸರಿಗೆಲ್ಲ ಕುರಾನ್ ಕಂಠಸ್ಥ. ಅವರು ಹೊಲಿದ ಬಟ್ಟೆ ತೊಡುವುದಿಲ್ಲ, ಹೊಲಿಗೆಯಿಲ್ಲದ ಉದ್ದನೆಯ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಇನ್ನೊಂದನ್ನು ತಲೆ ಮತ್ತು ಎದೆಯ ಮೇಲೆ ಹೊದೆಯುತ್ತಾರೆ, ಮೂಗಿಗೆ ಚಿನ್ನದ ರಿಂಗು ಹಾಕುತ್ತಾರೆ. ಅಂದರೆ ಸೀರೆ, ಸೆರಗು, ಮೂಗುತಿ. ಕರಾವಳಿಯ ಮುಸ್ಲಿಂ ಹೆಣ್ಣುಮಕ್ಕಳು ಏನು ಉಡಬೇಕು, ಎಷ್ಟು ಓದಬೇಕು ಎಂದು ಎರಡೂ ಕಡೆಯಿಂದ ತೀರ್ಪು ಕೊಡುವವರು ಈ ಒಂದು ಪುಟವನ್ನಾದರೂ ಓದಿದ್ದರೆ ಚೆನ್ನಾಗಿತ್ತು.

ಆದರೆ ನನ್ನ ವಿಷಯ ಉಪ್ಪು. ಈ ಊರಿನವರಿಗೆ ಉಳುವ ಭೂಮಿಯಿಲ್ಲ, ಅವರ ಬದುಕೆಲ್ಲ ಸಮುದ್ರದಿಂದ ಎಂದು ಬತೂತ ಹೇಳುತ್ತಾನೆ. ಮಳೆಗಾಲದ ನಾಲ್ಕು ತಿಂಗಳು ಮೀನು ಹಿಡಿಯಲಲ್ಲದೆ ಯಾರೂ ಸಮುದ್ರಕ್ಕೆ ಇಳಿಯಲಾರರು ಎಂದೂ ದಾಖಲಿಸುತ್ತಾನೆ. ಸುಲ್ತಾನನ ಮನೆಯ ಊಟದ ವಿವರವನ್ನಂತೂ ಹಸಿದವನ ಹಾಗೆ ಬರೆದಿದ್ದಾನೆ. ಮೊದಲು ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಉಪ್ಪಿನಕಾಯಿ. ಮೆಣಸಿನ ಗೊಂಚಲಿನದು, ಹಸಿಶುಂಠಿಯದು, ನಿಂಬೆಯದು, ಮಾವಿನದು. ಆಮೇಲೆ ಕೋಳಿ, ಮೀನು, ತರಕಾರಿ, ಕೊನೆಗೆ ಮೊಸರು. ಹನ್ನೊಂದು ತಿಂಗಳು ಈ ಸುಲ್ತಾನನ ಬಳಿ ಇದ್ದೆ, ರೊಟ್ಟಿಯ ಮುಖ ನೋಡಲಿಲ್ಲ, ಬರೀ ಅನ್ನ ಎಂದು ಪಾಪ ಗೋಧಿ ನಾಡಿನವನು ನಿಟ್ಟುಸಿರಿಟ್ಟಿದ್ದಾನೆ. ಆ ಬಟ್ಟಲನ್ನು ಮತ್ತೊಮ್ಮೆ ನೋಡಿ. ಮೆಣಸು ಮತ್ತು ಶುಂಠಿ ಘಟ್ಟದ ಸರಕು, ಮೀನು ಮತ್ತು ಉಪ್ಪು ಕರಾವಳಿಯವು. ಘಟ್ಟದ ಮೇಲೂ ಕೆಳಗೂ ಆ ಉಪ್ಪಿನಕಾಯಿಯಲ್ಲಿ ಕೂಡಿಕೊಂಡಿದ್ದವು.

ಈ ಕೂಡಾಟದ ದಾರಿಯೇ ಗೇರುಸೊಪ್ಪೆ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತುವುದು. ಮೇಲಕ್ಕೆ ಉಪ್ಪು, ಒಣಮೀನು, ತೆಂಗು. ಕೆಳಕ್ಕೆ ಮೆಣಸು, ಅಕ್ಕಿ, ಅಡಿಕೆ. ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದ ಚೆನ್ನಭೈರಾದೇವಿ ಐವತ್ತಕ್ಕೂ ಹೆಚ್ಚು ವರ್ಷ ಈ ದಾರಿಯ ಮೇಲೆ ಕೂತು ಆಳಿದಳು. ಹದಿನೇಳನೆಯ ಶತಮಾನದ ಆರಂಭದಲ್ಲಿ ಅವಳ ರಾಜ್ಯವನ್ನು ನಮ್ಮ ಕಡೆಯ ಕೆಳದಿಯ ವೆಂಕಟಪ್ಪ ನಾಯಕ ಗೆದ್ದುಕೊಂಡ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲ ವಾಲೆ ಪೋರ್ಚುಗೀಸ್ ರಾಯಭಾರಿಯ ಜತೆ ಇದೇ ಹೊಳೆಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದಾಗ ಊರು ಆಗಲೇ ಹಾಳುಬಿದ್ದಿತ್ತು. ಆದರೆ ಹೊಳೆಯ ಚೆಲುವಿಗೆ ಅವನು ಮನಸೋತ. ತಾನು ಕಂಡ ಅತಿ ಸುಂದರ ನದಿಗಳಲ್ಲಿ ಇದೂ ಒಂದು ಎಂದು ಬರೆದ. ಅಲ್ಲಿಂದ ಘಟ್ಟ ಹತ್ತಿ ಸಾಗರದ ಪಕ್ಕದ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನನ್ನು ಕಂಡ. ಈಗ ಜೋಗಕ್ಕೆ ಹೋಗುವ ದಾರಿಯಲ್ಲಿ ಇಕ್ಕೇರಿಯ ಅಘೋರೇಶ್ವರ ದೇವಾಲಯ ನೋಡುವವರಿಗೆ, ಆ ಪಟ್ಟಣದ ಮೆಣಸು ದೋಣಿಯೇರಿದ್ದು ಒಂದು ಉಪ್ಪುನೀರಿನ ಸರೋವರದಲ್ಲಿ ಎಂದು ಹೇಳುವವರಿಲ್ಲ.

ಹೊನ್ನಾವರದಿಂದ ಗೇರುಸೊಪ್ಪೆಗೆ ಹೋಗುವಾಗ ಹೊಳೆಯ ದಂಡೆಯಲ್ಲಿ ಉಪ್ಪೋಣಿ ಎಂಬ ಊರು ಸಿಗುತ್ತದೆ. ಮುಸ್ಲಿಮರ ಮನೆಗಳಿರುವ, ತೆಂಗಿನ ನೆರಳಿನ ಊರು. ಕತೆಗಾರನಾದ ನನ್ನ ಕಿವಿಗೆ ಆ ಹೆಸರಿನಲ್ಲಿ ಉಪ್ಪಿನ ಓಣಿಯೇ ಕೇಳಿಸುತ್ತದೆ. ಪುರಾವೆ ಕೇಳಬೇಡಿ.

ಕಂಪನಿ ಸರಕಾರದ ಕತೆ ಎಲ್ಲರಿಗೂ ಗೊತ್ತಿರುವುದೇ. 1805ರಲ್ಲಿ ಮದ್ರಾಸ್ ಸರಕಾರ ಉಪ್ಪನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ಕನ್ನಡ ಜಿಲ್ಲೆ ಆಗ ಮದ್ರಾಸಿನ ಕೈಯಲ್ಲಿತ್ತು. ಉತ್ತರದ ಭಾಗ ಮುಂಬಯಿಗೆ ಹೋದದ್ದು 1862ರಲ್ಲಿ. ಯಜಮಾನ ಬದಲಾದರೂ ಸುಂಕ ಉಳಿಯಿತು. 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲದಂಡೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪು ತಯಾರಿಸಿ ಕಾನೂನು ಮುರಿದರು. ಉಪ್ಪನ್ನು ಕಸಿದುಕೊಳ್ಳಲು ಬಂದ ಸರಕಾರವನ್ನು ಜನ ಗುರುತಿಸಬಲ್ಲವರಾಗಿದ್ದರು. ಮುಂದೆ ಉಪ್ಪು ಹೋದದ್ದು ಹಾಗಲ್ಲ. ಅದು ಹೋದದ್ದು ಸದ್ದಿಲ್ಲದೆ, ನಾವು ಮೇಲೆ ದೀಪ ಹಚ್ಚಿಕೊಂಡಾಗ.

ಹಿರೇಭಾಸ್ಕರ ಅಣೆಕಟ್ಟಿನ ನೀರಿನಿಂದ ಜೋಗದ ಬುಡದ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. 1964ರಲ್ಲಿ ಲಿಂಗನಮಕ್ಕಿ ಬಂತು. ಹೊಸ ಜಲಾಶಯದಲ್ಲಿ ಹಳೆಯ ಅಣೆಕಟ್ಟೇ ಮುಳುಗಿತು. ಬರಗಾಲದ ವರ್ಷ ಅದು ನೀರಿನಿಂದ ತಲೆಯೆತ್ತುವುದನ್ನು ನೋಡಲು ಜನ ಹೋಗುವುದುಂಟು. ಸಾಗರ, ಹೊಸನಗರ ತಾಲೂಕುಗಳ ಸಾವಿರಾರು ಸಂಸಾರಗಳು ಗದ್ದೆ, ತೋಟ, ಗೋರಿ, ಗುಡಿ ಎಲ್ಲ ಬಿಟ್ಟು ಎದ್ದವು. ಆಮೇಲೆ ಪಶ್ಚಿಮಕ್ಕೆ ಹರಿಯುತ್ತಿದ್ದ ಚಕ್ರಾ ಹೊಳೆಗೂ ಕಟ್ಟೆ ಕಟ್ಟಿ ಅದರ ನೀರನ್ನೂ ಲಿಂಗನಮಕ್ಕಿಗೆ ತಿರುಗಿಸಿದರು. ಘಟ್ಟದ ಬುಡದಲ್ಲಿ ಗೇರುಸೊಪ್ಪೆಯ ಅಣೆಕಟ್ಟು ಕಟ್ಟಿ ಈ ಶತಮಾನದ ಆರಂಭದಲ್ಲಿ ಇನ್ನೊಂದು ವಿದ್ಯುದಾಗಾರ ಶುರು ಮಾಡಿದರು. ಒಂದೇ ಹೊಳೆಯ ನೀರು ಮೂರು ನಾಲ್ಕು ಕಡೆ ಯಂತ್ರ ತಿರುಗಿಸಿ ಸಮುದ್ರಕ್ಕೆ ಹೋಗುತ್ತದೆ.

ಮುಳುಗಿದ್ದನ್ನು ನಮ್ಮ ಸಾಹಿತ್ಯ ಬರೆಯಿತು. ಸಾಗರದ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದುಕೊಂಡೇ ಇದನ್ನು ಕಣ್ಣಾರೆ ಕಂಡವರು. 'ಮುಳುಗಡೆ' ಬರೆದರು, 'ದ್ವೀಪ' ಬರೆದರು. 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದು ಶಿವಮೊಗ್ಗ ಜಿಲ್ಲೆಯೇ ಬಂದ್ ಆದಾಗಲೂ ಆ ಇಳಿವಯಸ್ಸಿನಲ್ಲಿ ಅವರು ಮುಂದೆ ನಿಂತಿದ್ದರು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಅವರ ನೆರಳಿನಲ್ಲಿ ಬರೆಯಲು ಕಲಿತ ನಮ್ಮಂಥವರೂ ಮುಳುಗಡೆಯ ಕತೆಗಳನ್ನೇ ಬರೆದೆವು. ಅಣೆಕಟ್ಟಿನ ಹಿಂದುಗಡೆ ನೋಡಿದೆವು. ಮುಂದುಗಡೆ ನೋಡಲಿಲ್ಲ. ನಮ್ಮ ಕತೆ ಗೇರುಸೊಪ್ಪೆಯಲ್ಲೇ ಮುಗಿದುಹೋಗುತ್ತಿತ್ತು.

ಮುಂದುಗಡೆ ಏನಾಯಿತು ಎಂಬುದು ಲೆಕ್ಕ ಹಾಕಿದರೆ ಸರಳ. ಅಳಿವೆಯ ನೀರು ಉಪ್ಪಾಗುವುದು, ಸಿಹಿಯಾಗುವುದು ಸಮುದ್ರದ ಉಬ್ಬರ ಮತ್ತು ಹೊಳೆಯ ಹರಿವು ಎರಡರ ಪೈಪೋಟಿಯಿಂದ. ಮಳೆಗಾಲದಲ್ಲಿ ಹೊಳೆ ಗೆಲ್ಲುತ್ತದೆ. ಚಳಿಗಾಲ ಕಳೆದು ಹೊಳೆ ಬಡವಾದಾಗ ಉಬ್ಬರ ಗೆದ್ದು, ಉಪ್ಪನ್ನು ಘಟ್ಟದ ಬುಡದವರೆಗೆ ಏರಿಸುತ್ತದೆ. ಈಗ ಹೊಳೆ ಬಡವಾಗುವುದೇ ಇಲ್ಲ. ಆಷಾಢದಲ್ಲಿ ಬಿದ್ದ ಮಳೆಯನ್ನು ಲಿಂಗನಮಕ್ಕಿ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಯಂತ್ರಗಳು ಚೈತ್ರ ವೈಶಾಖದಲ್ಲೂ ದಿನಾ ಕೆಳಕ್ಕೆ ಬಿಡುತ್ತವೆ. ಬೆಂಗಳೂರಿನಲ್ಲಿ ಫ್ಯಾನು ತಿರುಗಿದಷ್ಟೂ ಹೊನ್ನಾವರಕ್ಕೆ ಸಿಹಿನೀರು. ಉಬ್ಬರಕ್ಕೆ ಒಳಗೆ ಬರಲು ದಾರಿಯಿಲ್ಲ. ಬುಕನನ್ ಕಂಡ ಎರಡು ಋತುಗಳ ಸರೋವರ ಒಂದೇ ಋತುವಿನ ಹೊಳೆಯಾಯಿತು.

ಭಾರತೀಯ ವಿಜ್ಞಾನ ಸಂಸ್ಥೆಯ ಸುಭಾಷ್ ಚಂದ್ರನ್ ಮತ್ತು ಟಿ.ವಿ. ರಾಮಚಂದ್ರ ಅವರ ತಂಡ ಉತ್ತರ ಕನ್ನಡದ ಅಳಿವೆಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿತು. ಅಣೆಕಟ್ಟಿಲ್ಲದ ಅಘನಾಶಿನಿಗೆ ಹೋಲಿಸಿದರೆ ಶರಾವತಿಯ ಅಳಿವೆಯಲ್ಲಿ ಉಪ್ಪು ಬಹಳ ಕಡಿಮೆ, ಮೀನಿನ ಜಾತಿಗಳೂ ಕಡಿಮೆ, ಚಿಪ್ಪಿನ ಜೀವಿಗಳಂತೂ ಕುಸಿದಿವೆ ಎಂದು ಅವರು ತೋರಿಸಿದರು. ಬೆಳಚು ಕಾಲಿಲ್ಲದ ಜೀವಿ. ನೀರು ಕೆಟ್ಟಿತೆಂದು ಮೀನಿನ ಹಾಗೆ ಬೇರೆ ಕಡೆ ಹೋಗಲಾರದು.

ಮಾವಿನಕುರ್ವೆಯ ಕಡೆ ನನಗೆ ಸಿಕ್ಕ ಒಬ್ಬ ಮುದುಕಿ, ಬುಟ್ಟಿ ಬದಿಗಿಟ್ಟು ಕಾಲು ಚಾಚಿ ಕೂತಿದ್ದವರು, ಇದನ್ನೆಲ್ಲ ಒಂದೇ ಮಾತಿನಲ್ಲಿ ಹೇಳಿದರು: "ಹೊಳೆ ಚಪ್ಪೆ ಆಯ್ತು, ತಮಾ." ನಾವು ಮೇಲಿನವರು ಸಪ್ಪೆ ಎನ್ನುವುದನ್ನು ಅವರು ಚಪ್ಪೆ ಎನ್ನುತ್ತಾರೆ. ಊಟಕ್ಕೆ ಉಪ್ಪು ಹಾಕಲು ಮರೆತಾಗ ಹೇಳುವ ಮಾತು ಅದು. ಅಷ್ಟು ದೊಡ್ಡ ಹೊಳೆಗೆ ಆ ಮಾತು ಸಲ್ಲುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ನಾನು ಆನಂದಪುರದವನು ಎಂದು ಹೇಳಿದೆ. "ಮೇಲಿನವ್ರು" ಎಂದರು. ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಇನ್ನಷ್ಟು ಹಗುರಾಗುತ್ತಿತ್ತು.

ಸಪ್ಪೆಯಾದದ್ದು ಎಲ್ಲರಿಗೂ ನಷ್ಟವಲ್ಲ, ಅದನ್ನೂ ಹೇಳಬೇಕು. ದಂಡೆಯ ತೋಟದವರಿಗೆ ಬೇಸಿಗೆಯಲ್ಲೂ ಸಿಹಿನೀರು ಸಿಕ್ಕಿತು. ಅಂಥವರ ಎದುರು ಹೋಗಿ ಉಪ್ಪು ವಾಪಸು ಬರಲಿ ಎಂದರೆ ಕೋಲು ತೆಗೆದುಕೊಂಡಾರು. ಬೆಂಗಳೂರಿಗೆ ನೀರು ಹೋದರೆ ಉಪ್ಪು ತಾನಾಗಿ ಮರಳೀತಲ್ಲ ಎಂದು ಗೆಳೆಯರೊಬ್ಬರು ತಮಾಷೆ ಮಾಡಿದರು. ಆ ತರ್ಕವೂ ನಿಲ್ಲುವುದಿಲ್ಲ. ಅಳಿವೆಗೆ ಬೇಕಾದದ್ದು ಬರೀ ಉಪ್ಪಲ್ಲ. ಮಳೆಗಾಲದಲ್ಲಿ ಮಳೆಗಾಲದಷ್ಟು ಸಿಹಿ, ಬೇಸಿಗೆಯಲ್ಲಿ ಬೇಸಿಗೆಯಷ್ಟು ಉಪ್ಪು. ಮದರಸದಲ್ಲಿ ಸೂರಾ ಫುರ್ಕಾನ್ ಕಲಿಸುವಾಗ ಒಂದು ಸಿಹಿ, ಒಂದು ಉಪ್ಪು, ಹೀಗೆ ಎರಡು ಜಲರಾಶಿಗಳನ್ನು ಹರಿಯಬಿಟ್ಟು ನಡುವೆ ಒಂದು ತಡೆಯನ್ನು ಇಟ್ಟ ಮಾತು ಬಂದಾಗ ಸಮುದ್ರವನ್ನೇ ಕಾಣದ ನಾವು ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದೆವು. ಆ ತಡೆಯ ಒಂದು ರೂಪ ನಮ್ಮ ಹೊಳೆಯ ಕೊನೆಯಲ್ಲೇ ಇತ್ತು, ವರ್ಷಕ್ಕೆರಡು ಸಲ ಹಿಂದೆ ಮುಂದೆ ಸರಿಯುತ್ತಿತ್ತು.

ಅದು ಹೇಗಿದ್ದೀತು ಎಂದು ಈಗ ನೋಡಬೇಕೆಂದರೆ ಹೊನ್ನಾವರದಿಂದ ಉತ್ತರಕ್ಕೆ, ಕುಮಟಾ ದಾಟಿ ಹೋಗಬೇಕು. ಸಿರಸಿಯ ಕಡೆ ಹುಟ್ಟಿ ಉಂಚಳ್ಳಿಯಲ್ಲಿ ಜಲಪಾತವಾಗಿ ಇಳಿಯುವ ಅಘನಾಶಿನಿ, ತದಡಿಯ ಬಳಿ ಸಮುದ್ರ ಸೇರುವ ಮೊದಲು ಶರಾವತಿಯ ಹಾಗೆಯೇ ಸರೋವರವಾಗಿ ಹರಡುತ್ತದೆ. ಅದಕ್ಕೆ ಅಣೆಕಟ್ಟಿಲ್ಲ. ಬೇಡವೆಂದು ಯಾರೋ ಬಿಟ್ಟದ್ದಲ್ಲ. ಜಲವಿದ್ಯುತ್ ಯೋಜನೆಯ ಪ್ರಸ್ತಾಪ ಬಂದಿತ್ತು, 2000ರ ದಶಕದಲ್ಲಿ ತದಡಿಯಲ್ಲಿ 4000 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪವೂ ಬಂದಿತ್ತು. ಜನ ಬಿಡಲಿಲ್ಲ. ಹಾಗಾಗಿ ಅಲ್ಲಿ ಇನ್ನೂ ಬೇಸಿಗೆಗೆ ಉಪ್ಪು, ಮಳೆಗಾಲಕ್ಕೆ ಸಿಹಿ. ಗಜನಿ ಗದ್ದೆಗಳಲ್ಲಿ ಮಳೆನೀರು ಉಪ್ಪನ್ನು ತೊಳೆದಾಗ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಭತ್ತ ಅದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಇಳಿತದ ಹೊತ್ತಿಗೆ ನೂರಾರು ಜನ ಸೊಂಟದ ನೀರಿಗಿಳಿದು ಬೆಳಚು ಹೆಕ್ಕುತ್ತಾರೆ. ಮೇಲೆ ಹೇಳಿದ ತಂಡವೇ 2008ರಲ್ಲಿ ಲೆಕ್ಕ ಹಾಕಿದಂತೆ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪು, ಅದರ ಬೆಲೆ ಐದೂವರೆ ಕೋಟಿ ರೂಪಾಯಿಗೂ ಮೇಲೆ, ನೇರ ಕೆಲಸ ಸುಮಾರು 2300 ಜನರಿಗೆ. ಯಾರೂ ಬಂಡವಾಳ ಹಾಕದ, ಶೇರು ಮಾರದ ಕಂಪನಿ ಅದು.

2024ರ ಜನವರಿ 31ರಂದು ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ರಾಮ್‌ಸರ್ ಪಟ್ಟಿಗೆ ಸೇರಿತು. ಜತೆಗೆ ಗದಗದ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಸೇರಿದವು. ಅಲ್ಲಿವರೆಗೆ ಕರ್ನಾಟಕದಿಂದ ಇದ್ದದ್ದು ರಂಗನತಿಟ್ಟು ಒಂದೇ. ರಾಮ್‌ಸರ್ ಇರಾನಿನ ಒಂದು ಊರು. 1971ರಲ್ಲಿ ಜಗತ್ತಿನ ಜೌಗುನೆಲಗಳನ್ನು ಉಳಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಅಲ್ಲಿ. ಅದು ಇರುವುದು ಕ್ಯಾಸ್ಪಿಯನ್ ದಂಡೆಯಲ್ಲಿ. ಹೆಸರಿಗೆ ಸಮುದ್ರವಾದರೂ ಅದು ಒಂದು ಉಪ್ಪುನೀರಿನ ಸರೋವರ.

ಕಳೆದುಹೋದ ಉಪ್ಪು ಮರಳಿ ಬಂದ ಉದಾಹರಣೆಯೂ ನಮ್ಮ ದೇಶದಲ್ಲಿದೆ. ಒಡಿಶಾದ ಚಿಲಿಕಾ 1981ರಲ್ಲೇ ರಾಮ್‌ಸರ್ ಪಟ್ಟಿ ಸೇರಿದ ಸರೋವರ. ಹೂಳು ತುಂಬಿ, ಸಮುದ್ರದ ಬಾಯಿ ಕಟ್ಟಿಕೊಂಡು, ಅದರ ಉಪ್ಪು ಇಳಿಯುತ್ತ ಹೋಯಿತು. ಕಳೆ ಹಬ್ಬಿತು, ಮೀನು ಸಿಡಿಮಿಡಿಗೊಂಡ ಹಾಗೆ ಮಾಯವಾಯಿತು. 1993ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ದಾಖಲೆಗೆ ಸೇರಿಸಿದರು. 2000ದ ಸೆಪ್ಟೆಂಬರಿನಲ್ಲಿ ಸಮುದ್ರಕ್ಕೆ ಹೊಸ ಬಾಯಿ ಕೊರೆದರು. ಉಪ್ಪು ಒಳಗೆ ಬಂತು, ಹಿಂದೆಯೇ ಮೀನೂ ಬಂತು. 2002ರಲ್ಲಿ ಆ ದಾಖಲೆಯಿಂದ ಚಿಲಿಕಾದ ಹೆಸರು ತೆಗೆದರು. ಶರಾವತಿಯ ಬಾಯಿ ಕಟ್ಟಿಲ್ಲ. ಅಲ್ಲಿ ಬೇಕಾದದ್ದು ಮೇಲಿನ ಯಂತ್ರಗಳು ವರ್ಷದ ಯಾವ ತಿಂಗಳು ಎಷ್ಟು ನೀರು ಬಿಡಬೇಕು ಎಂಬ ಮಾತುಕತೆ. ಆ ಮಾತುಕತೆಯಲ್ಲಿ ವಿದ್ಯುತ್ತಿನವರು, ತೋಟದವರು ಕೂತಾಗ, ಬುಟ್ಟಿ ಹಿಡಿದ ಆ ಮುದುಕಿಗೂ ಒಂದು ಮಣೆ ಬೇಕು. ಸದ್ಯಕ್ಕೆ ಮಾತು ನಡೆಯುತ್ತಿರುವುದು ಬೇರೆಯೇ ದಿಕ್ಕಿನಲ್ಲಿ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆ ಕೆಳಗೆ ಆಡಿಸುವ 2000 ಮೆಗಾವ್ಯಾಟಿನ ಭೂಗತ ಯೋಜನೆಯ ಬಗ್ಗೆ ಸಿಂಗಳೀಕಗಳ ಕಾಡಿನಲ್ಲಿ ಜಗಳವೆದ್ದಿದೆ. ಕಾಡಿನ ಪರವಾಗಿ ಮಾತಾಡುವವರು ಸಾಕಷ್ಟಿದ್ದಾರೆ, ಇರಬೇಕಾದದ್ದೇ. ಉಪ್ಪಿನ ಹೆಸರು ಆ ಜಗಳದಲ್ಲೂ ನನಗೆ ಕೇಳಿಸಲಿಲ್ಲ.

ಕಳೆದ ಬೇಸಿಗೆಯಲ್ಲಿ ಗೋಕರ್ಣದ ಪಕ್ಕದ ಸಾಣಿಕಟ್ಟೆಗೆ ಹೋಗಿದ್ದೆ. ಅಘನಾಶಿನಿಯ ನೀರನ್ನು ಪಾತಿಗಳಿಗೆ ಹಾಯಿಸಿ ಬಿಸಿಲಿಗೆ ಒಣಗಿಸಿ ಅಲ್ಲಿ ಇವತ್ತಿಗೂ ಉಪ್ಪು ಮಾಡುತ್ತಾರೆ. ಪ್ಯಾಕೆಟ್ಟಿನ ಉಪ್ಪಿನ ಹಾಗೆ ಬೆಳ್ಳಗಿಲ್ಲ, ಸ್ವಲ್ಪ ಮಣ್ಣಿನ ಬಣ್ಣ. ಒಂದು ಸಣ್ಣ ಚೀಲ ಕೊಂಡು ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ಅದೇ ಹಳೆಯ ದಾರಿಯಲ್ಲಿ, ಗೇರುಸೊಪ್ಪೆ ಘಟ್ಟ ಹತ್ತಿ ಆನಂದಪುರಕ್ಕೆ ತಂದೆ. ಅಟ್ಟದ ಮೇಲಿದ್ದ ದಾದಿಯ ಮರದ ಮರಿಗೆಯನ್ನು ಅಮ್ಮಿ ಇಳಿಸಿ ತೊಳೆದರು. ಒಂದು ಹರಳನ್ನು ನಾಲಗೆಗಿಟ್ಟು ನೋಡಿ, ಇದು ಜೋರಿದೆ, ಸಾರಿಗೆ ಒಂದು ಹಿಡಿ ಕಮ್ಮಿ ಹಾಕಬೇಕು ಎಂದರು. ಜೂನ್ ತಿಂಗಳಲ್ಲಿ ಮಳೆ ಹಿಡಿದಾಗ ಉಪ್ಪು ಬೆವರತೊಡಗಿತು. ಮರಿಗೆಯ ಕೆಳಗೆ ಒಂದು ಬಟ್ಟಲು ಇಟ್ಟಿದ್ದೇವೆ. ಬೆಳಗಾಗುವಷ್ಟರಲ್ಲಿ ತಳದಲ್ಲಿ ಎರಡು ಬೆರಳಿನಷ್ಟು ನೀರು ಕೂತಿರುತ್ತದೆ.